ಗಾಲಿ ನೋಡಿ ಗಾಡಿ ಹೊರಡಿಸು

ತಮ್ಮಾ, ಕಾರು ತಗೊಂಡಿದ್ದು ಕೇಳಿ ಸಂತೋಷವಾಯಿತು. ಸೀಟ್ ಕವರು, ಸ್ಪೀಕರು ಆಮೇಲೆ ಹಾಕಿಸಿಕೊಂಡರಾಯಿತು, ಮೊದಲು ಗಾಲಿ ನೋಡು. ಅಷ್ಟು ದೊಡ್ಡ ಗಾಡಿ ರಸ್ತೆಗೆ ತಾಗುವುದು ನಾಲ್ಕು ಅಂಗೈಯಷ್ಟು ಜಾಗದಲ್ಲಿ. ಬ್ರೇಕು ಎಷ್ಟೇ ಚಲೋ ಇರಲಿ, ಆ ಜಾಗದಲ್ಲಿ ಹಿಡಿತವಿಲ್ಲದಿದ್ದರೆ ಗಾಡಿ ನಿಲ್ಲುವುದಿಲ್ಲ. ಅದನ್ನು ಅಂಗಡಿಯವರ ಮಾತಿಗೆ ಬಿಡದೆ ನೀನೇ ಓದಿ ತಿಳಿದುಕೋ.

ಟೈರಿನ ಪಕ್ಕೆಯಲ್ಲಿ 185/65 ಆರ್ 15 88 ಎಚ್ ಅಂತ ಇದೆ ಅನ್ನು. 185 ಅಂದರೆ ಮಿಲಿಮೀಟರಿನಲ್ಲಿ ಅಗಲ. ಆ ಅಗಲದ ನೂರಕ್ಕೆ 65 ಪಾಲು ಪಕ್ಕೆಯ ಎತ್ತರ. ಆರ್ ಅಂದರೆ ರೇಡಿಯಲ್, 15 ಅಂದರೆ ಇಂಚಿನಲ್ಲಿ ರಿಮ್ಮಿನ ಅಳತೆ. 88 ಅಂದರೆ ಒಂದು ಗಾಲಿ 560 ಕಿಲೋ ಹೊರಬಲ್ಲದು, ಎಚ್ ಅಂದರೆ ಗಂಟೆಗೆ 210 ಕಿಲೋಮೀಟರ್ ವೇಗ ತಡೆಯಬಲ್ಲದು. ಇದೆಲ್ಲ ಹವಾ ಸರಿಯಿದ್ದಾಗಿನ ಮಾತು. ಟೈರು ಬದಲಿಸುವಾಗ ಕಂಪನಿ ಹೇಳಿದ ಅಳತೆಯನ್ನೇ ಹಾಕಿಸು. ಹೊರುವ ಶಕ್ತಿಯ ಅಂಕಿ ಅದಕ್ಕಿಂತ ಕಡಿಮೆ ಇರಕೂಡದು.

ಏಪ್ರಿಲ್, ಮೇ ಬಂದರೆ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಮದುವೆಗಳೂ ಆಗಲೇ. ಇಂಡಿಯಿಂದ ಸಿಂದಗಿಗೆ, ಮುದ್ದೇಬಿಹಾಳದಿಂದ ತಾಳಿಕೋಟೆಗೆ ಗಾಡಿ ತುಂಬಾ ಮಂದಿ ಕೂತು ಹೊರಡುತ್ತಾರೆ. ಬಿಸಿಲಿಗೆ ಟೈರು ಒಡೆದೀತೆಂದು ಹವಾ ಕಡಿಮೆ ಮಾಡಿಸುವವರೇ ಬಹಳ. ಅದು ತಪ್ಪು ತಿಳಿವಳಿಕೆ. ಹವಾ ಕಡಿಮೆಯಾದಷ್ಟೂ ಪಕ್ಕೆ ಹೆಚ್ಚು ಮಡಚಿಕೊಳ್ಳುತ್ತದೆ. ಮಡಚಿದಷ್ಟೂ ಒಳಗೆ ಕಾವೇರುತ್ತದೆ, ಟೈರು ಒಡೆಯುವುದು ಆ ಕಾವಿಗೆ. ಮುಂಜಾನೆ ಗಾಡಿ ಓಡಿಸುವ ಮೊದಲು, ಟೈರು ತಣ್ಣಗಿದ್ದಾಗ ಹವಾ ನೋಡಿಸು. ಎಷ್ಟಿರಬೇಕೆಂಬುದು ಸಾಮಾನ್ಯವಾಗಿ ಡ್ರೈವರ್ ಬಾಗಿಲ ಸಂದಿಯ ಚೀಟಿಯಲ್ಲಿ ಇರುತ್ತದೆ. ಗಾಡಿ ತುಂಬಿದಾಗಿನ ಅಂಕಿ ಬೇರೆ ಇದ್ದರೆ ಅದನ್ನೂ ನೋಡಿಕೋ. ಟೈರಿನ ಮೇಲೆ ಅಚ್ಚಾದ ಹವಾದ ಅಂಕಿ ಗರಿಷ್ಠ ಮಿತಿ, ಅಷ್ಟು ತುಂಬಿಸಲು ಹೋಗಬೇಡ.

ಮಳೆಗಾಲದ ಕಥೆಯೇ ಬೇರೆ. ಎರಿ ಹೊಲದಿಂದ ಬಂದ ಟ್ರ್ಯಾಕ್ಟರ್ ಡಾಂಬರಿನ ಮೇಲೆ ಮಣ್ಣು ಬಿಟ್ಟು ಹೋಗಿರುತ್ತದೆ. ಒಂದು ಹನಿ ಬಿದ್ದರೆ ಸಾಕು, ಜಾರುತ್ತದೆ. ಶ್ರಾವಣದಲ್ಲಿ ಬಸವನ ಬಾಗೇವಾಡಿ ಜಾತ್ರೆಗೆ ಹೊರಟವರಿಗೆ ಇದು ಗೊತ್ತಿರಬೇಕು. ಟೈರಿನ ಕಾಲುವೆಗಳು ನೀರನ್ನು ಹೊರಗೆ ತಳ್ಳಿದರೆ ಮಾತ್ರ ರಬ್ಬರಿಗೆ ರಸ್ತೆ ಸಿಗುತ್ತದೆ. ಆ ಕಾಲುವೆಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬಗಳಿವೆ, ಬೆರಳಾಡಿಸಿ ನೋಡು. ಟೈರು ಸವೆದು ಅವುಗಳ ಸಮಕ್ಕೆ ಬಂದರೆ ಆಳ 1.6 ಮಿಲಿಮೀಟರಿಗೆ ಇಳಿದಿದೆ ಎಂದರ್ಥ. ಕಾನೂನಿನ ಕೊನೆಯ ಗೆರೆ ಅದು. ಅಲ್ಲಿವರೆಗೆ ಕಾಯದೆ ಮಳೆಗಾಲಕ್ಕೆ ಮೊದಲೇ ಬದಲಿಸಿಬಿಡು.

ಸವೆದ ರೀತಿಯೂ ಮಾತಾಡುತ್ತದೆ. ಎರಡೂ ಅಂಚು ಸವೆದಿದ್ದರೆ ಹವಾ ಕಡಿಮೆ, ನಡು ಸವೆದಿದ್ದರೆ ಹವಾ ಹೆಚ್ಚು, ಒಂದೇ ಅಂಚಾದರೆ ಅಲೈನ್‌ಮೆಂಟ್ ತಪ್ಪಿದೆ. ಕಾರಣ ಸರಿಪಡಿಸದೆ ಹೊಸ ಟೈರು ಹಾಕಿಸಿದರೆ ಅದೂ ಹಾಗೇ ಹಾಳಾಗುತ್ತದೆ. ಜಾಲಿಮುಳ್ಳು ನಡುವೆ ಚುಚ್ಚಿದರೆ ಪಂಕ್ಚರ್ ತೆಗೆಸಬಹುದು. ಪಕ್ಕೆ ಹರಿದರೆ, ಉಬ್ಬಿದರೆ ಆ ಟೈರಿನ ಕಥೆ ಮುಗಿಯಿತು.

ಕೊಳ್ಳುವಾಗ ಹುಟ್ಟಿದ ದಿನ ನೋಡು. ಪಕ್ಕೆಯಲ್ಲಿ ಅಚ್ಚಾದ ತಯಾರಿಕೆ ಸಂಕೇತದ ಕೊನೆಯ ನಾಲ್ಕು ಅಂಕಿ 1824 ಅಂತಿದ್ದರೆ 2024ರ 18ನೇ ವಾರ ತಯಾರಾದದ್ದು. ಓಡದೆ ನಿಂತರೂ ರಬ್ಬರಿಗೆ ಮುಪ್ಪು ಬರುತ್ತದೆ. ಸ್ಟೆಪ್ನಿಗೂ ಇದೇ ಮಾತು. ಐದು ವರ್ಷ ದಾಟಿದ ಮೇಲೆ ಪ್ರತಿ ವರ್ಷ ತಿಳಿದವರಿಗೆ ತೋರಿಸು, ಬಿರುಕು ಕಂಡರೆ ಬದಲಿಸು.

ನಾಲ್ಕಕ್ಕೂ ರೊಕ್ಕ ಹೊಂದದಿದ್ದರೆ ಎರಡು ತಗೋ, ಅವನ್ನು ಹಿಂದಿನ ಗಾಲಿಗೆ ಹಾಕಿಸು. ಒದ್ದೆ ರಸ್ತೆಯಲ್ಲಿ ಹಿಂಭಾಗ ಜಾರಿ ಗಾಡಿ ತಿರುಗಿದರೆ ಸ್ಟೇರಿಂಗ್ ಹಿಡಿದು ತಡೆಯುವುದು ಬಲು ಕಷ್ಟ. ಎರಡಕ್ಕೂ ಈಗ ಆಗದಿದ್ದರೆ ಬೋಳು ಟೈರಿನ ಮೇಲೆ ಹೆಂಡತಿ ಮಕ್ಕಳನ್ನು ಕೂರಿಸಬೇಡ. ಈ ಸಲ ಬಸ್ಸಿಗೆ ಹೋಗಿ ಬಾ, ಅದರಲ್ಲಿ ಯಾವ ಅವಮಾನವೂ ಇಲ್ಲ.