ಎಳೆಯ ಮಕ್ಕಳಿಗೆ ಸಮಾಜ ಪಾಠ

ಪಶುಗಳ ಗುಂಪಿಗೆ ‘ಸಮಜ’ವೆಂದೂ ಉಳಿದವರ ಗುಂಪಿಗೆ ‘ಸಮಾಜ’ವೆಂದೂ ಅಮರಸಿಂಹನು ತನ್ನ ಕೋಶದಲ್ಲಿ ಬೇರೆಬೇರೆ ಹೆಸರುಗಳನ್ನು ಕೊಟ್ಟಿದ್ದಾನೆ. ಎರಡು ಶಬ್ದಗಳಿಗೂ ಧಾತು ಒಂದೇ. ಕೂಡಿ ನಡೆಯುವುದೆಂಬ ಭಾವವೂ ಒಂದೇ. ಭೇದವಿರುವುದು ಒಂದು ದೀರ್ಘದಲ್ಲಿ ಮಾತ್ರ. ಆ ಒಂದು ದೀರ್ಘವನ್ನು ಕಲಿಸುವುದೇ ಸಮಾಜ ಪಾಠದ ಕೆಲಸವೆಂದರೆ ವೈಯಾಕರಣರು ನಕ್ಕಾರು. ಆರರಿಂದ ಒಂಬತ್ತು ವರ್ಷದ ಮಕ್ಕಳ ತರಗತಿಯಲ್ಲಿ ಒಂದು ದಿನ ನಿಂತು ನೋಡಿದವರು ಮಾತ್ರ ನಗಲಾರರು.

ಈ ವಯಸ್ಸಿನ ಮಕ್ಕಳಿಗೆ ಚರಿತ್ರೆ, ಭೂಗೋಳ, ಪೌರನೀತಿಗಳನ್ನು ಕತ್ತರಿಸಿ ಬೇರೆಬೇರೆಯಾಗಿ ಬಡಿಸಬಾರದೆಂಬ ವಿಚಾರ ಹೊಸದಲ್ಲ. 1937ರಲ್ಲಿ ವಾರ್ಧಾದಲ್ಲಿ ನಡೆದ ಶಿಕ್ಷಣ ಸಮ್ಮೇಳನದ ಅನಂತರ ಡಾ. ಜಾಕೀರ್ ಹುಸೇನರ ಸಮಿತಿ ಸಿದ್ಧಪಡಿಸಿದ ಮೂಲಶಿಕ್ಷಣದ ಪಠ್ಯಕ್ರಮದಲ್ಲಿ ಕಸುಬಿನೊಡನೆ ಸಮಾಜ ಪಾಠವೂ ಒಂದೇ ವಿಷಯವಾಗಿ ಸೇರಿತ್ತು. 1975ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಪ್ರಾಥಮಿಕ ತರಗತಿಗಳಿಗೆ ಪರಿಸರ ಅಧ್ಯಯನವೆಂಬ ಒಂದೇ ವಿಷಯವನ್ನು ಸೂಚಿಸಿತು. 2005ರ ಚೌಕಟ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೊದಲೆರಡು ತರಗತಿಗಳಲ್ಲಿ ಇದಕ್ಕೆ ಬೇರೆ ಪುಸ್ತಕವೇ ಬೇಡ, ಭಾಷೆ ಮತ್ತು ಗಣಿತಗಳ ಮೂಲಕವೇ ಇದು ಬರಲಿ ಎಂದಿತು.

ಕಾಗದದ ಮೇಲೆ ಇಷ್ಟು ಸ್ಪಷ್ಟವಾಗಿರುವುದು ತರಗತಿಗೆ ಬರುವಷ್ಟರಲ್ಲಿ ಬಾಯಿಪಾಠವಾಗಿ ಹೋಗುತ್ತದೆ. ‘ರೈತನು ದೇಶದ ಬೆನ್ನೆಲುಬು’ ಎಂದು ತಡವರಿಸದೆ ಒಪ್ಪಿಸುವ ಹುಡುಗನನ್ನು ‘ನಿನ್ನ ತಂದೆ ಏನು ಮಾಡುತ್ತಾರೆ?’ ಎಂದು ಕೇಳಿದರೆ, ‘ಏನೂ ಇಲ್ಲ, ಹೊಲಕ್ಕೆ ಹೋಗ್ತಾರೆ’ ಎನ್ನುವುದುಂಟು. ಬೆನ್ನೆಲುಬು ಪುಸ್ತಕದಲ್ಲಿ ಉಳಿಯಿತು, ತಂದೆ ಹೊಲದಲ್ಲಿ ಉಳಿದರು. ಇಬ್ಬರಿಗೂ ಪರಿಚಯವೇ ಆಗಲಿಲ್ಲ. ಪದ ಮೊದಲು ಬಂದು ಪದಾರ್ಥ ಹಿಂದೆ ಬಿದ್ದಾಗ ಆಗುವುದು ಹೀಗೆಯೇ.

ಸ್ಥಳದ ಅರಿವನ್ನು ತೆಗೆದುಕೊಳ್ಳಬಹುದು. ಮನೆ, ಬೀದಿ, ಊರು, ತಾಲ್ಲೂಕು, ಜಿಲ್ಲೆ, ರಾಜ್ಯ, ದೇಶ ಇವು ಒಂದರೊಳಗೊಂದು ಅಡಗಿವೆಯೆಂಬುದು ದೊಡ್ಡವರಿಗೆ ಹೇಳಬೇಕಾದ ಮಾತೇ ಅಲ್ಲ. ಎಳೆಯರಿಗೆ ಅದು ದೊಡ್ಡ ಒಗಟು. ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆಯವರು ತಮ್ಮ ಸಹೋದ್ಯೋಗಿಯೊಡನೆ 1951ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಇದರ ನಿದರ್ಶನವಿದೆ. ಜಿನೀವಾ ನಗರದ ಎಳೆಯ ಮಕ್ಕಳು ತಾವು ಜಿನೀವಾದವರೆಂದು ಹೇಳಿದರು. ಹಾಗಾದರೆ ಸ್ವಿಸ್ ಜನರೂ ಹೌದೇ ಎಂದು ಕೇಳಿದಾಗ, ಒಬ್ಬರೇ ಎರಡೂ ಆಗಲು ಬರುವುದಿಲ್ಲವೆಂದರು. ಜಿನೀವಾ ಸ್ವಿಟ್ಜರ್ಲೆಂಡಿನಲ್ಲಿದೆ ಎಂದು ಬಾಯಲ್ಲಿ ಹೇಳುವ ಮಗುವೇ ಅದನ್ನು ಬರೆದು ತೋರಿಸೆಂದರೆ ಎರಡು ವೃತ್ತಗಳನ್ನು ಪಕ್ಕಪಕ್ಕದಲ್ಲಿ ಬರೆಯಿತು. ಕನ್ನಡ ನಾಡಿನ ಮಗುವೂ ‘ನಾನು ನಮ್ಮೂರಿನವನು, ಕರ್ನಾಟಕದವನಲ್ಲ’ ಎಂದರೆ ಅದನ್ನು ಗದರಿಸಬೇಕಾದ ಕಾರಣವಿಲ್ಲ. ಹಳೆಯ ಮನೆಗಳಲ್ಲಿ ಸೇರು, ಅರೆಸೇರು, ಪಾವು, ಅರೆಪಾವು, ಚಟಾಕುಗಳನ್ನು ಒಂದರೊಳಗೊಂದು ಇಟ್ಟಿರುತ್ತಾರೆ. ಚಟಾಕಿಗೆ ಮನೆಯ ಹೆಸರನ್ನೂ ಅರೆಪಾವಿಗೆ ಬೀದಿಯ ಹೆಸರನ್ನೂ ಪಾವಿಗೆ ಊರಿನ ಹೆಸರನ್ನೂ ಅಂಟಿಸಿ, ಮಕ್ಕಳೇ ಒಂದರಲ್ಲೊಂದು ಇಟ್ಟು ತೆಗೆಯುವಂತೆ ಮಾಡಿದರೆ, ಚಟಾಕು ಪಾವಿನೊಳಗೆ ಹೋದರೂ ಚಟಾಕಾಗಿಯೇ ಉಳಿಯುತ್ತದೆಂಬುದು ಕೈಗೆ ತಿಳಿಯುತ್ತದೆ. ಅಳತೆಯ ಪಾತ್ರೆಗಳಿಲ್ಲದಿದ್ದರೆ ಅಡುಗೆಮನೆಯ ಡಬ್ಬಿಗಳೂ ಆಗಬಹುದು.

ಭೂಪಟದ ತೊಡಕು ಬೇರೆ ಬಗೆಯದು. ಗೋಡೆಗೆ ತೂಗುಹಾಕಿದ ಪಟದಲ್ಲಿ ಉತ್ತರ ದಿಕ್ಕು ಮೇಲಿರುತ್ತದೆ. ಮಗುವಿಗೆ ಮೇಲೆಂದರೆ ಆಕಾಶ. ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಸೇರಿ ಹರಿಹರದ ಕಡೆಗೆ, ಅಲ್ಲಿಂದ ಮುಂದೆ ಈಶಾನ್ಯಕ್ಕೆ ಹಂಪೆಯ ಕಡೆಗೆ ಹರಿಯುವುದನ್ನು ಬೆರಳಿಟ್ಟು ತೋರಿಸಿದರೆ, ‘ನೀರು ಮೇಲಕ್ಕೆ ಹೇಗೆ ಹತ್ತುತ್ತದೆ?’ ಎಂದು ಮಗು ಕೇಳಬೇಕು. ಕೇಳದ ಮಗುವಿಗೆ ತಿಳಿದಿದೆಯೆಂದಲ್ಲ; ಕೇಳುವುದನ್ನು ಅದು ಬಿಟ್ಟಿದೆಯೆಂದು ಅರ್ಥ. ಪಟವನ್ನು ಗೋಡೆಯಿಂದ ಇಳಿಸಿ ನೆಲದ ಮೇಲೆ ಹಾಸಿ, ಅದರ ಬಡಗಣ ಅಂಚನ್ನು ನಿಜವಾದ ಬಡಗಣಕ್ಕೆ ತಿರುಗಿಸಿಟ್ಟರೆ ಅರ್ಧ ಪಾಠ ಮುಗಿಯಿತು. ಅದಕ್ಕೂ ಮೊದಲು ಮಕ್ಕಳು ತಮ್ಮ ತರಗತಿಯನ್ನೇ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದು, ಬೆಂಚುಗಳ ಬದಲು ಬೆಂಕಿಪೆಟ್ಟಿಗೆಗಳನ್ನಿಟ್ಟು ನೋಡಿರಬೇಕು.

ಇಷ್ಟಾದ ಮೇಲೆ ಮಕ್ಕಳನ್ನು ಶಾಲೆಯ ಹೊರಕ್ಕೆ ಕರೆದೊಯ್ಯಬೇಕು. ಎಲ್ಲಿಗೆ ಎಂಬ ಚಿಂತೆ ಬಯಲುಸೀಮೆಯ ಉಪಾಧ್ಯಾಯರಿಗೆ ಬರಬಾರದು. ಭೂಗೋಳ, ಚರಿತ್ರೆ, ಪೌರನೀತಿ, ಅರ್ಥಶಾಸ್ತ್ರ ಇವೆಲ್ಲವೂ ಒಂದೇ ಕಡೆ ದೊರೆಯುವ ಸ್ಥಳ ಊರಿನ ಕೆರೆ. ಏರಿಯ ಮೇಲೆ ನಿಂತರೆ ಒಂದು ಕಡೆ ನೀರಿನ ಅಂಗಳ, ಇನ್ನೊಂದು ಕಡೆ ಗದ್ದೆಯ ಬಯಲು. ನೀರು ಈ ಕಡೆಯಿಂದಲೇ ಏಕೆ ಬಂತು, ಆ ಕಡೆಯಿಂದ ಏಕೆ ಬರಲಿಲ್ಲವೆಂದು ಕೇಳಿದೊಡನೆ ನೆಲದ ಇಳಿಜಾರು ಕಣ್ಣಿಗೆ ಬೀಳುತ್ತದೆ. ತೂಬು ಏತಕ್ಕೆ, ಕೋಡಿ ಏತಕ್ಕೆ? ತೂಬಿನಿಂದ ಹೊರಟ ನೀರು ಮೊದಲು ಯಾರ ಗದ್ದೆಗೆ, ಕಡೆಗೆ ಯಾರ ಗದ್ದೆಗೆ? ಕಡೆಯ ಗದ್ದೆಯವರಿಗೆ ಸಾಲದಾದರೆ ಯಾರು ಯಾರನ್ನು ಕೇಳಬೇಕು? ಹಳೆಯ ಮೈಸೂರು ಸೀಮೆಯಲ್ಲಿ ಹೀಗೆ ಪಾಳಿಯಂತೆ ನೀರು ಬಿಡುವುದಕ್ಕೆ ನೀರಗಂಟಿಯೆಂಬವರಿದ್ದರು. ಊರಿನಲ್ಲಿ ಆ ಮನೆತನದ ಹಿರಿಯರೊಬ್ಬರಿದ್ದರೆ ಅವರೇ ಅಂದಿನ ಉಪಾಧ್ಯಾಯರಾಗಲಿ. ಇಬ್ಬರ ಹೊಲಕ್ಕೆ ಒಂದೇ ಕಾಲುವೆಯಿದ್ದಾಗ ನ್ಯಾಯವೆಂದರೇನೆಂಬುದು ಏಳು ವರ್ಷದ ಮಗುವಿಗೂ ತಿಳಿಯುತ್ತದೆ. ಸಂವಿಧಾನದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಮುನ್ನುಡಿ ಬೇಕಾಗಿಲ್ಲ.

ಕೆರೆಗೆ ಹೊರಡುವ ಮುಂಚೆ ಉಪಾಧ್ಯಾಯರು ತಾವೂ ಸ್ವಲ್ಪ ಓದಿಕೊಂಡಿರಬೇಕು. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಬುಕ್ಕರಾಯನ ಮಗನಾದ ಭಾಸ್ಕರನು ಕಟ್ಟಿಸಿದ ಕೆರೆಯ 1369ರ ಶಾಸನ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರಬಹುದಾದ ಆರು ದೋಷಗಳನ್ನೂ ಎಣಿಸಿ ಹೇಳುತ್ತದೆ. ಅದನ್ನು ಮಕ್ಕಳಿಗೆ ಒಪ್ಪಿಸಬೇಕಾಗಿಲ್ಲ. ಅದನ್ನು ಬಲ್ಲವರು ಕೇಳುವ ಪ್ರಶ್ನೆಯೇ ಬೇರೆಯಾಗಿರುತ್ತದೆ. ಕೆರೆ ಹೂಳು ತುಂಬಿ ಬತ್ತಿದ್ದರೂ ಪಾಠಕ್ಕೆ ಕೊರತೆಯಿಲ್ಲ. ಏಕೆ ಬತ್ತಿತು, ಕೊಳವೆ ಬಾವಿ ಯಾವಾಗ ಬಂತು ಎಂದು ಮನೆಯ ಹಿರಿಯರನ್ನು ಕೇಳಿ ಬರಲಿ. ಬೆಂಗಳೂರಿನ ಮಕ್ಕಳಿಗಾದರೆ, ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿಯೇ ಕೆಂಪೇಗೌಡ ಬಸ್ ನಿಲ್ದಾಣವಿದೆ. ಹೆಸರಿನಲ್ಲಿ ಸಮುದ್ರವಿದ್ದರೂ ನೀರಿಲ್ಲ.

ಕಾಲದ ಅರಿವು ಸ್ಥಳದ ಅರಿವಿಗಿಂತ ನಿಧಾನವಾಗಿ ಬರುತ್ತದೆ. ಎಳೆಯ ಮಗುವಿಗೆ ಕಳೆದುದೆಲ್ಲವೂ ‘ನಿನ್ನೆ’. ಹಿಂದೆ ಅಜ್ಜ ಅಜ್ಜಿಯರನ್ನು ಕೇಳಿ 1947ರ ನೆನಪನ್ನು ತರಬಹುದಾಗಿತ್ತು. ಇಂದು ಎರಡನೆಯ ತರಗತಿಯ ಮಗುವಿನ ಅಜ್ಜಿ ಸಾಮಾನ್ಯವಾಗಿ ಸ್ವಾತಂತ್ರ್ಯದ ಅನಂತರ ಹುಟ್ಟಿದವರೇ. ಉದ್ದನೆಯ ದಾರಕ್ಕೆ ವರ್ಷಕ್ಕೊಂದರಂತೆ ಗಂಟು ಹಾಕಿ, ಮಗುವಿನ ಏಳು ಗಂಟು, ತಾಯಿಯ ಮೂವತ್ತು ಗಂಟು, ಅಜ್ಜಿಯ ಅರವತ್ತು ಗಂಟು ಎಂದು ಎಣಿಸುತ್ತ ಹೋದರೆ ಸಾಕು. 1973ರಲ್ಲಿ ಮೈಸೂರು ರಾಜ್ಯ ಕರ್ನಾಟಕವಾದುದು ದಾರದಲ್ಲಿ ಎಲ್ಲಿ ಬಂತೆಂದು ಮಕ್ಕಳೇ ಬಣ್ಣದ ನೂಲು ಕಟ್ಟಲಿ. ಕದಂಬರ ಇಸವಿಗಳು ಮೇಲಿನ ತರಗತಿಯವರೆಗೆ ಕಾಯಬಲ್ಲವು.

ಕಾಯಲಾರದ ಪಾಠ ಒಂದಿದೆ. ‘ನಮ್ಮ ಸಹಾಯಕರು’ ಎಂಬ ಶಿರೋನಾಮೆಯಲ್ಲಿ ಊರಿನ ಕಸುಬುಗಳನ್ನು ಪರಿಚಯಿಸುವ ರೂಢಿಯಿದೆ. ಆ ಸಂದರ್ಭದಲ್ಲಿ ತರಗತಿಗಳಲ್ಲಿ ಕೇಳಿಬರುವ ವಾಕ್ಯಗಳ ಕ್ರಿಯಾಪದಗಳನ್ನು ಗಮನಿಸಬೇಕು. ವೈದ್ಯರು ಔಷಧ ಕೊಡುತ್ತಾರೆ. ಶಿಕ್ಷಕರು ಪಾಠ ಹೇಳುತ್ತಾರೆ. ಕುಂಬಾರನು ಮಡಕೆ ಮಾಡುತ್ತಾನೆ. ಅಗಸನು ಬಟ್ಟೆ ಒಗೆಯುತ್ತಾನೆ. ವಿಷಯದಲ್ಲಿ ತಪ್ಪೇನೂ ಇಲ್ಲ, ವ್ಯಾಕರಣವೂ ಶುದ್ಧವಾಗಿದೆ. ಆದರೆ ಮೂರನೆಯ ಸಾಲಿನಲ್ಲಿ ಕುಳಿತ ಕುಂಬಾರರ ಮನೆಯ ಹುಡುಗಿ ಅಂದು ಕಲಿತದ್ದು ಮಡಕೆಯ ವಿಚಾರವನ್ನಲ್ಲ, ‘ತ್ತಾರೆ’ ಮತ್ತು ‘ತ್ತಾನೆ’ಗಳ ನಡುವಣ ದೂರವನ್ನು. ಅವಳ ಪಕ್ಕದಲ್ಲಿ ಕುಳಿತ ವೈದ್ಯರ ಮಗನೂ ಅದನ್ನೇ ಕಲಿತ. ಒಂದು ಪ್ರತ್ಯಯ ಇಬ್ಬರಿಗೂ ಅವರವರ ಸ್ಥಾನವನ್ನು ತೋರಿಸಿಕೊಟ್ಟಿತು, ಉಪಾಧ್ಯಾಯರಿಗೆ ಅರಿವಿಲ್ಲದೆಯೇ.

ಕನ್ನಡದಲ್ಲಿ ಏಕವಚನವೇ ಅಗೌರವವೆಂದು ಹೇಳುವಂತಿಲ್ಲ. ತಾಯಿಗೂ ದೇವರಿಗೂ ಏಕವಚನ ಸಲ್ಲುತ್ತದೆ. ಅಲ್ಲಿ ಅದು ಸಲುಗೆ. ಒಂದೇ ಪಾಠದಲ್ಲಿ, ಒಂದೇ ಉಸಿರಿನಲ್ಲಿ, ಕೆಲವರಿಗೆ ಬಹುವಚನವನ್ನೂ ಕೆಲವರಿಗೆ ಏಕವಚನವನ್ನೂ ಹಂಚಿದಾಗ ಮಾತ್ರ ಅದು ತಕ್ಕಡಿಯಾಗುತ್ತದೆ. ‘ಸಹಾಯಕರು’ ಎಂಬ ಮಾತನ್ನೂ ವಿಚಾರಿಸಬೇಕು. ಯಾರಿಗೆ ಸಹಾಯಕರು? ‘ನಮ್ಮ’ ಎಂದಾಗ ಕುಂಬಾರರ ಮಗಳು ಆ ‘ನಾವು’ ಎಂಬುದರೊಳಗೆ ಇದ್ದಾಳೆಯೇ ಹೊರಗಿದ್ದಾಳೆಯೇ? ‘ಊರಿನ ಕೆಲಸಗಳು’ ಎಂದು ಹೆಸರಿಟ್ಟು, ಜಾತಿಯ ಹೆಸರಿನಿಂದಲ್ಲದೆ ಕೆಲಸದಿಂದ ಪಾಠವನ್ನು ಆರಂಭಿಸಿ, ಮಣ್ಣು ಹದಮಾಡುವವರು, ಬಟ್ಟೆ ಒಗೆಯುವವರು, ಔಷಧ ಕೊಡುವವರು ಎಂದು ಎಲ್ಲರಿಗೂ ಒಂದೇ ಪ್ರತ್ಯಯವನ್ನು ಬಳಸಿದರೆ ಆ ತೊಡಕು ಹುಟ್ಟುವುದೇ ಇಲ್ಲ. ಕಸುಬು ಮನೆತನಕ್ಕೆ ಕಟ್ಟುಬಿದ್ದುದಲ್ಲವೆಂಬುದೂ, ಬಸ್ಸು ನಡೆಸುವವರ, ಮೊಬೈಲು ದುರಸ್ತಿ ಮಾಡುವವರ ಕೆಲಸವೂ ಊರಿನ ಕೆಲಸವೆಂಬುದೂ ಅದರಿಂದಲೇ ತಿಳಿಯುತ್ತದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಹಡಪದ ಅಪ್ಪಣ್ಣ, ನುಲಿಯ ಚಂದಯ್ಯ ಇವರ ಹೆಸರುಗಳಲ್ಲಿ ಕಾಯಕ ಮೊದಲಿಗೆ ನಿಂತು, ಅದರ ಹಿಂದೆಯೇ ‘ಅಯ್ಯ’, ‘ಅಣ್ಣ’ ಎಂಬ ಗೌರವಪದಗಳು ಸೇರಿವೆ. ಈ ವ್ಯಾಕರಣಕ್ಕೆ ಬೇರೆ ಸೂತ್ರ ಬೇಕಾಗಿಲ್ಲ.

ತರಗತಿಯಲ್ಲಿ ಹೇಳಿದ್ದನ್ನು ಶಾಲೆಯ ಅಂಗಳ ಅಲ್ಲಗಳೆಯಬಾರದು. ಕಸಗುಡಿಸುವ ಸರದಿ ಯಾವಾಗಲೂ ಕೆಲವೇ ಮಕ್ಕಳಿಗೆ ಬೀಳುತ್ತಿದ್ದರೆ ಸಮಾನತೆಯ ಪಾಠವನ್ನು ಎಷ್ಟು ಸೊಗಸಾಗಿ ಹೇಳಿದರೂ ವ್ಯರ್ಥ. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯ ಜಿಲ್ಲೆಗಳಿಂದ ಮೊದಲಾದ ಅಕ್ಷರ ದಾಸೋಹದಿಂದ ಮಧ್ಯಾಹ್ನದ ಊಟದ ಪಂಕ್ತಿಯೇ ದಿನದಿನದ ಸಮಾಜ ಪಾಠವಾಗಿದೆ. ಅಡುಗೆ ಮಾಡಿದವರ ಜಾತಿ ನೋಡಿ ಮಕ್ಕಳನ್ನು ಊಟದಿಂದ ಎಬ್ಬಿಸಿದ ಪ್ರಸಂಗಗಳೂ ನಾಡಿನಲ್ಲಿ ನಡೆದಿವೆ. ಅಂತಹ ದಿನ ಉಪಾಧ್ಯಾಯರು ಪಂಕ್ತಿಯ ನಡುವೆ ಕುಳಿತು, ಅದೇ ಅನ್ನವನ್ನು ಮಕ್ಕಳ ಮುಂದೆಯೇ ಉಂಡರೆ, ಅದು ಯಾವ ಪುಸ್ತಕದಲ್ಲಿಯೂ ಇಲ್ಲದ ಅಧ್ಯಾಯ. ಬಡಿಸುವ ತಾಯಂದಿರನ್ನು ಮಕ್ಕಳು ಏನೆಂದು ಕರೆಯುತ್ತಾರೆಂಬುದನ್ನೂ ಅವರು ಕಿವಿಗೊಟ್ಟು ಕೇಳಬೇಕು. ‘ಅಮ್ಮ’, ‘ಅಕ್ಕ’ ಎನ್ನುತ್ತಿದ್ದರೆ ಸರಿ. ‘ಏ’ ಎನ್ನುತ್ತಿದ್ದರೆ ಮಧ್ಯಾಹ್ನದ ಪಾಠ ಅಲ್ಲಿಂದಲೇ ಶುರುವಾಗಬೇಕು.

ಪರೀಕ್ಷೆಯ ವಿಚಾರ ಒಂದಿಷ್ಟು. ‘ಗ್ರಾಮ ಪಂಚಾಯಿತಿ ಎಂದರೇನು?’ ಎಂಬ ಪ್ರಶ್ನೆಗೆ ಬರೆದ ಉತ್ತರದಿಂದ ಮಗುವಿನ ಜ್ಞಾಪಕಶಕ್ತಿ ತಿಳಿಯುತ್ತದೆ, ಮತ್ತೇನೂ ತಿಳಿಯದು. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳಿಗಾಗಿಯೇ ಮಕ್ಕಳ ಗ್ರಾಮಸಭೆಗಳು ನಡೆಯುತ್ತವೆ. ಅಲ್ಲಿ ಎದ್ದು ಮಾತನಾಡುವವರು ಸಾಮಾನ್ಯವಾಗಿ ಮೇಲಿನ ತರಗತಿಯ ಮಕ್ಕಳು. ಮೂರನೆಯ ತರಗತಿಯ ಮಕ್ಕಳಿಗೆ ಅಷ್ಟು ಧೈರ್ಯ ಬಾರದಿದ್ದರೂ ಎಣಿಕೆ ಬರುತ್ತದೆ. ತಮ್ಮ ಬೀದಿಯಲ್ಲಿ ಎಷ್ಟು ದೀಪಗಳಿವೆ, ಅವುಗಳಲ್ಲಿ ಎಷ್ಟು ಉರಿಯುತ್ತವೆ, ನಲ್ಲಿಯಲ್ಲಿ ನೀರು ವಾರಕ್ಕೆ ಎಷ್ಟು ದಿನ ಬರುತ್ತದೆ, ಕೇರಿಯ ಕೊನೆಯ ಮನೆಯ ನಲ್ಲಿಗೂ ಅಷ್ಟೇ ದಿನ ಬರುತ್ತದೆಯೇ ಎಂದು ಅವರು ನೋಡಿ ಬರೆದು ತರಲಿ. ಸಭೆಗೆ ಹೋಗುವ ಅಕ್ಕ ಅಣ್ಣಂದಿರ ಕೈಯಲ್ಲಿ ಆ ಚೀಟಿ ಇರಲಿ. ಅಂಕ ಕೊಡುವುದಾದರೆ ಆ ಚೀಟಿಗೆ ಕೊಡಬಹುದು.