ಕೆಂಡ ಆರುವ ತನಕ

ಜಯನಗರ, ಜೆ.ಪಿ. ನಗರದ ಹುಡುಗರನ್ನು ಕನಕಪುರ ರಸ್ತೆಯ ತೋಟಗಳಿಗೆ ಕ್ಯಾಂಪಿಂಗ್‌ಗೆ ಕರೆದೊಯ್ಯುತ್ತೇನೆ. ಬೆಂಕಿ ಹಚ್ಚಲು ಎಲ್ಲರಿಗೂ ಉತ್ಸಾಹ. ಆರಿಸುವ ಹೊತ್ತಿಗೆ ಎಲ್ಲರಿಗೂ ನಿದ್ದೆ. ಕಲಿತದ್ದು ಇಷ್ಟು.

1. ಬನಶಂಕರಿ 6ನೇ ಹಂತಕ್ಕೆ ಎಷ್ಟೇ ಹತ್ತಿರವಿದ್ದರೂ ತುರಹಳ್ಳಿ ಅರಣ್ಯ ಇಲಾಖೆಯ ಕಾಡು. ಅಲ್ಲಿ ಬೆಂಕಿಯ ಮಾತೇ ಬೇಡ, ಸಾವನದುರ್ಗದಲ್ಲೂ ಅಷ್ಟೇ. ಖಾಸಗಿ ತೋಟದಲ್ಲಿ ಕೂಡ ಫೆಬ್ರವರಿಯಿಂದ ಮೊದಲ ಮಳೆಯವರೆಗೆ ಗ್ಯಾಸ್ ಸ್ಟೌ ಮಾತ್ರ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದನ್ನು ಕಂಡಮೇಲೂ ಬೇಸಿಗೆಯಲ್ಲಿ ಕ್ಯಾಂಪ್‌ಫೈರ್ ಕೇಳುವವರಿಗೆ ಏನೆನ್ನಲಿ!

2. ಬಂಡೆಯ ಮೇಲೆ ಹಚ್ಚಿದರೆ ಭಯವಿಲ್ಲ ಎನ್ನುತ್ತಾರೆ. 19ನೇ ಶತಮಾನದಲ್ಲಿ ಬೆಂಗಳೂರಿನ ಕಲ್ಲುಕುಟಿಗರು ಬಂಡೆಯ ಮೇಲೆ ಸೌದೆ ಉರಿಸಿಯೇ ಗ್ರಾನೈಟ್ ಚಪ್ಪಡಿ ಎಬ್ಬಿಸುತ್ತಿದ್ದರು. ಇಲ್ಲಿರುವುದೂ ಅಂಥ ಕಲ್ಲೇ. ಕಾದರೆ ಚಕ್ಕೆ ಸಿಡಿಯುತ್ತದೆ. ತರಗೆಲೆ, ಹುಲ್ಲು ಕೆರೆದು ಬರಿ ಮಣ್ಣಿನಲ್ಲಿ ಗುಣಿ ತೋಡಿ. ಬೇರು ಸಿಕ್ಕರೆ ಜಾಗ ಬದಲಿಸಿ. ಬಿದಿರು, ಲಂಟಾನ ದೂರವಿರಲಿ.

3. 20 ಲೀಟರ್ ನೀರಿನ ಕ್ಯಾನ್ ಒಂದು ಬೆಂಕಿಗೇ ಮೀಸಲು. ಕುಡಿಯಲು ಬೇರೆ ತನ್ನಿ.

4. ಮಲಗುವ ಒಂದು ಗಂಟೆ ಮೊದಲೇ ಸೌದೆ ಹಾಕುವುದನ್ನು ನಿಲ್ಲಿಸಿ. ದಪ್ಪ ಕೊರಡು ಬೇಡವೇ ಬೇಡ, ಅದು ಬೆಳಗಿನವರೆಗೂ ಒಳಗೊಳಗೇ ಉರಿಯುತ್ತದೆ. ಒಮ್ಮೆಗೇ ನೀರು ಸುರಿದರೆ ಹಬೆ, ಬಿಸಿ ಬೂದಿ ಮುಖಕ್ಕೆ ರಾಚುತ್ತವೆ. ಗಾಳಿ ಬೆನ್ನಿಗಿರುವಂತೆ ನಿಂತು ಚಿಮುಕಿಸಿ, ಕೋಲಿನಿಂದ ಕೆದಕಿ, ಮತ್ತೆ ಚಿಮುಕಿಸಿ. ಚುಯ್ ಎನ್ನುವ ಸದ್ದು ನಿಲ್ಲಬೇಕು. ಬರೀ ಮಣ್ಣು ಮುಚ್ಚಿ ಹೊರಡುವವರೇ ಹೆಚ್ಚು. ನಮ್ಮಜ್ಜಿ ಬೆಳಗಿನ ಒಲೆಗೆಂದು ರಾತ್ರಿ ಕೆಂಡವನ್ನು ಬೂದಿಯಲ್ಲಿ ಹುಗಿದಿಡುತ್ತಿದ್ದದ್ದು ಅದು ಆರದಿರಲಿ ಎಂದು! ಕೊನೆಗೆ ಕೈಯ ಹಿಂಬದಿಯನ್ನು ಬೂದಿಯ ಹತ್ತಿರ ಹಿಡಿಯಿರಿ. ಬಿಸಿ ತಟ್ಟಿದರೆ ಇನ್ನಷ್ಟು ನೀರು.

5. ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರು ಹಾಕಬೇಡಿ. ಸ್ಟೌ ಆರಿಸಿ, ತಟ್ಟೆ ಮುಚ್ಚಿ. ಬಟ್ಟೆಗೆ ಹತ್ತಿದರೆ ಓಡದೆ ನೆಲದ ಮೇಲೆ ಹೊರಳಿ. ಸುಟ್ಟ ಗಾಯದ ಮೇಲೆ 20 ನಿಮಿಷ ತಣ್ಣೀರು ಹರಿಸಿ. ಟೂತ್‌ಪೇಸ್ಟ್ ಹಲ್ಲಿಗಿರಲಿ.

6. ಕಿಡಿ ಹಾರಿ ಹುಲ್ಲು ಹತ್ತಿಕೊಂಡರೆ ಸುಟ್ಟ ನೆಲದ ಕಡೆಯಿಂದಲೇ ಹೋಗಿ, ಹಸಿ ಸೊಪ್ಪಿನ ಕೊಂಬೆಯಿಂದ ಒತ್ತಿ ಆರಿಸಿ. ಎತ್ತೆತ್ತಿ ಬಡಿದರೆ ಕಿಡಿ ಚೆಲ್ಲಾಡುತ್ತದೆ. ಉರಿ ಮೊಣಕಾಲು ದಾಟಿತೋ, ಅದು ನಮ್ಮ ಕೈಯಲ್ಲಾಗುವ ಕೆಲಸವಲ್ಲ. ಗುಡ್ಡದ ಮೇಲಕ್ಕಂತೂ ಓಡಬೇಡಿ, ಏರಿನಲ್ಲಿ ಬೆಂಕಿಯ ಓಟ ಇನ್ನೂ ಜೋರು. 112ಕ್ಕೆ ಫೋನ್ ಮಾಡಿ. ಹತ್ತಿರದ ಹಳ್ಳಿಯ ಹೆಸರನ್ನು ಹೋದ ಕೂಡಲೇ ಕೇಳಿಟ್ಟುಕೊಂಡಿರಿ. ಬರೀ ‘ಕನಕಪುರ ರಸ್ತೆ’ ಎಂದರೆ ಅಗ್ನಿಶಾಮಕದವರು ಎಲ್ಲಿ ಅಂತ ಹುಡುಕಬೇಕು?