ಅರೆಬೆಂದ ಸಾಫ್ಟ್‌ವೇರ್‌ಗೆ ದುಡ್ಡು ಕೊಡುವ ಮುನ್ನ

ಬೇಯುವ ತನಕ ಕಾದವರಿಗೆ ಆರುವ ತನಕ ಕಾಯಲಾಗದೇ ಎನ್ನುತ್ತದೆ ಗಾದೆ. ಸಾಫ್ಟ್‌ವೇರ್ ಪೇಟೆಯಲ್ಲಿ ಬೇಯುವ ಮೊದಲೇ ಬಡಿಸಿ ದುಡ್ಡು ಕೇಳುವ ಪದ್ಧತಿ ಬೆಳೆದಿದೆ. ಆ್ಯಪಲ್ ಕಂಪನಿ 2000ದ ಸೆಪ್ಟೆಂಬರ್‌ನಲ್ಲೇ ಮ್ಯಾಕ್ ಓಎಸ್ ಟೆನ್‌ನ ಬೀಟಾ (ಪರೀಕ್ಷಾರ್ಥ) ಆವೃತ್ತಿಯನ್ನು 29.95 ಡಾಲರಿಗೆ ಮಾರಿತ್ತು. ಆಟಗಳ ಮಳಿಗೆ ಸ್ಟೀಮ್, 2013ರಲ್ಲಿ ಇದಕ್ಕೆಂದೇ ‘ಅರ್ಲಿ ಆಕ್ಸೆಸ್’ ವಿಭಾಗ ತೆರೆಯಿತು. ಇದರಲ್ಲಿ ಮೋಸವೇನಿಲ್ಲ, ಸಣ್ಣ ತಂಡಗಳಿಗೆ ಈ ಹಣವೇ ಆಸರೆ. ಆದರೆ ಕೊಳ್ಳುವವರು ಎಚ್ಚರದಿಂದಿರಬೇಕು.

1. ಇವತ್ತು ಏನಿದೆ ನೋಡಿ
ಸ್ಟೀಮ್‌ನಲ್ಲಿ ಇಂಥ ಆಟದ ಪುಟದಲ್ಲೇ ತಯಾರಕರು ಕೆಲವು ಪ್ರಶ್ನೆಗಳಿಗೆ ಉತ್ತರ ಬರೆದಿರುತ್ತಾರೆ: ಈಗ ಎಷ್ಟು ಸಿದ್ಧವಾಗಿದೆ? ಇನ್ನೆಷ್ಟು ಕಾಲ ಬೇಕು? ಮುಂದೆ ಬೆಲೆ ಬದಲಾಗುತ್ತದೆಯೇ? ಟ್ರೇಲರ್ ನೋಡುವ ಮೊದಲು ಇದನ್ನು ಓದಿ.

2. ಕೊನೆಯ ಅಪ್‌ಡೇಟ್ ಯಾವಾಗ ಬಂತು?
ತಿಂಗಳುಗಟ್ಟಲೆ ಸುದ್ದಿಯಿಲ್ಲದಿದ್ದರೆ ದೂರವಿರಿ. ಕೆಲಸ ನಡೆದಿದ್ದರೂ ತಾಳ್ಮೆ ಬೇಕು. 2020ರ ಅಕ್ಟೋಬರ್‌ನಲ್ಲಿ ಮೊದಲ ಅಂಕವಷ್ಟೇ ಮಾರಾಟಕ್ಕೆ ಬಂದ ‘ಬಾಲ್ಡರ್ಸ್ ಗೇಟ್ 3’ ಆಟ ಪೂರ್ಣವಾದದ್ದು 2023ರ ಆಗಸ್ಟ್‌ನಲ್ಲಿ.

3. ಕೊಟ್ಟ ದುಡ್ಡು ಮುಂದಕ್ಕೂ ಸಲ್ಲುತ್ತದೆಯೇ?
ಪೂರ್ಣ ಆವೃತ್ತಿಗೆ ಮತ್ತೆ ಹಣ ಕೊಡಬೇಕೇ, ಬೀಟಾಕ್ಕೆ ಅವಧಿಯಿದೆಯೇ ಕೇಳಿ. ಆ್ಯಪಲ್‌ನ ಆ ಬೀಟಾ 2001ರ ಮೇ ತಿಂಗಳಲ್ಲಿ ನಿಂತೇಹೋಯಿತು. ಕೊಂಡವರಿಗೆ ಪೂರ್ಣ ಆವೃತ್ತಿಯ ಬೆಲೆಯಲ್ಲಿ 30 ಡಾಲರ್ ರಿಯಾಯಿತಿ ಸಿಕ್ಕಿತ್ತು.

4. ಹಣ ವಾಪಸಾತಿಯ ಗಡುವು ತಿಳಿದಿರಲಿ
ಸ್ಟೀಮ್‌ನಲ್ಲಿ ಸಾಮಾನ್ಯವಾಗಿ ಕೊಂಡ 14 ದಿನದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆಯಿದ್ದರೆ ರೀಫಂಡ್ ಕೇಳಬಹುದು. ಹಾಗಾಗಿ ಕೊಂಡ ದಿನವೇ ನಿಮ್ಮ ಕಂಪ್ಯೂಟರಿನಲ್ಲಿ ಓಡುತ್ತದೆಯೇ ಪರೀಕ್ಷಿಸಿ. ತಿಂಗಳ ಚಂದಾ ಆದರೆ ಯುಪಿಐ ಆಟೋಪೇ ನಿಲ್ಲಿಸುವ ಜಾಗ ಎಲ್ಲಿದೆ ಎಂದು ಮೊದಲೇ ನೋಡಿಕೊಳ್ಳಿ.

5. ಮುಖ್ಯ ಕೆಲಸ ಇದರಲ್ಲಿ ಬೇಡ
ಅಂಗಡಿಯ ಲೆಕ್ಕ, ಮಗಳ ಮದುವೆಯ ಫೋಟೊ, ಪರೀಕ್ಷೆಯ ಟಿಪ್ಪಣಿಗಳನ್ನು ಬೀಟಾದ ಕೈಗೆ ಒಪ್ಪಿಸಬೇಡಿ. ಒಪ್ಪಿಸಲೇಬೇಕಾದರೆ ಬ್ಯಾಕಪ್ ಬೇರೆಡೆ ಇರಲಿ.

6. ದೋಷ ಕಂಡರೆ ಬಿಡಿಸಿ ಬರೆಯಿರಿ
‘ಸರಿಯಿಲ್ಲ’ ಎಂದರೆ ತಯಾರಕರಿಗೆ ಏನೂ ತಿಳಿಯದು. ‘ಶೀರ್ಷಿಕೆಯನ್ನು ಕನ್ನಡದಲ್ಲಿ ಟೈಪ್ ಮಾಡಿ ಸೇವ್ ಮಾಡಿದೆ. ಮತ್ತೆ ತೆರೆದಾಗ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಂಡವು. ವಿಂಡೋಸ್ 11, ಆವೃತ್ತಿ 0.8’ ಎಂದು ಬರೆದು ಸ್ಕ್ರೀನ್‌ಶಾಟ್ ಲಗತ್ತಿಸಿ. ಕನ್ನಡದ ತೊಡಕುಗಳನ್ನು ನಾವೇ ಹೇಳದಿದ್ದರೆ ಬೇರೆ ಯಾರು ಹೇಳಬೇಕು?

ಇಷ್ಟೆಲ್ಲ ನೋಡಿದ ಮೇಲೂ ಮನಸ್ಸು ಹೊಯ್ದಾಡುತ್ತಿದ್ದರೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ನಾಳೆಯಿಂದ ಒಂದೂ ಅಪ್‌ಡೇಟ್ ಬರದಿದ್ದರೆ, ಇವತ್ತು ಇರುವಷ್ಟಕ್ಕೆ ಈ ಬೆಲೆ ಸರಿಯೇ? ಹೌದೆನಿಸಿದರೆ ಮಾತ್ರ ಕೊಳ್ಳಿ.